ದೊಡ್ಡಕ್ಕನ ಗಿಡಕ್ಕೆ ಮಾಸ್ಟ್ರ ಕಟಿಂಗು

ಇಷ್ಟೆಲ್ಲ ರಂಪಕ್ಕೆ ಕಾರಣವಾದದ್ದು ಮಾಸ್ಟ್ರಿಗೆ ಒಂದು ದಿನ ಕೂರಬೇಕು ಅನ್ನಿಸಿದ್ದು.

ಮಾಸ್ಟ್ರು ಅಂದರೆ ಶಾಲೆಯ ಮಾಸ್ಟ್ರಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೂರು ಕುರ್ಚಿಯ ಸಲೂನು ನಡೆಸುವವರು. ವಾರವಿಡೀ ಬೆಳಗಿನಿಂದ ರಾತ್ರಿಯ ತನಕ ಊರಿನವರೆಲ್ಲ ಅಲ್ಲಿ ಬಂದು ಕೂರುತ್ತಿದ್ದರು, ನಿಂತಿರುತ್ತಿದ್ದವರು ಮಾಸ್ಟ್ರೊಬ್ಬರೇ. ಕೂತವರು ಕುತ್ತಿಗೆಯನ್ನು ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಕೆಲವರು ಗೊರಕೆಯನ್ನೂ ಹೊಡೆಯುತ್ತಿದ್ದರು. ಆ ಗೊರಕೆ ಕೆಡದ ಹಾಗೆ ಗಡ್ಡ ಹೆರೆಯುವುದರಲ್ಲಿ ಮಾಸ್ಟ್ರಿಗೆ ದೊಡ್ಡ ಹೆಸರಿತ್ತು. ಹೆಸರಿನ ಜೊತೆಗೆ ಉಬ್ಬಿದ ನರಗಳ ಎರಡು ಕಾಲುಗಳೂ, ಸಂಜೆಯಾದರೆ ಸೆಟೆದುಕೊಳ್ಳುವ ಒಂದು ಸೊಂಟವೂ ಇದ್ದವು.

ಮನೆಗೆ ಬಂದರೆ ಅಲ್ಲೂ ಕೂರಲು ಜಾಗವಿರಲಿಲ್ಲ. ಮೂರನೇ ಮಹಡಿಯ ಮನೆಯಲ್ಲಿ ಇದ್ದದ್ದೇ ಎರಡು ಕೋಣೆ. ಒಂದರಲ್ಲಿ ಮಗಳು ಪರೀಕ್ಷೆಗೆ ಓದುತ್ತಿದ್ದಳು, ಯಾವಾಗ ನೋಡಿದರೂ ಓದುತ್ತಿದ್ದಳು. ಇನ್ನೊಂದರಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಅದರ ಸುತ್ತ ಅಕ್ಕಪಕ್ಕದವರ ರವಿಕೆಗಳ ಗುಡ್ಡೆ. ಸೋಫಾದ ಮೇಲೆ ಕೂತರೆ ಸೂಜಿ ಚುಚ್ಚುವುದು ಖಂಡಿತ. ಉಳಿದದ್ದು ಬಾಲ್ಕನಿ. ಸಂಜೆ ತಣ್ಣನೆಯ ಗಾಳಿ ಬೀಸುವ, ಒಬ್ಬ ಮನುಷ್ಯ ಕಾಲು ಚಾಚಿ ಕೂರಬಹುದಾದ ಚಂದದ ಬಾಲ್ಕನಿ. ಆದರೆ ಅಲ್ಲಿ ಕಾಲು ಚಾಚಿದ್ದು ದೊಡ್ಡಕ್ಕನ ಗಿಡ.

ದೊಡ್ಡಕ್ಕ ಅಂದರೆ ಹೆಂಡತಿಯ ಅಕ್ಕ. ವರ್ಗವಾಗಿ ಬೇರೆ ಊರಿಗೆ ಹೋಗುವಾಗ, "ಮನೆ ಸಿಗೋವರೆಗೂ ಇಟ್ಕೊಂಡಿರಿ, ಒಂದು ತಿಂಗಳು," ಎಂದು ಆಲದ ಜಾತಿಯ ಈ ಗಿಡವನ್ನು ಇಳಿಸಿ ಹೋದವರು. ಆಗ ಅದು ಮಂಡಿಯೆತ್ತರ ಇತ್ತು. ದೊಡ್ಡಕ್ಕನಿಗೆ ಅಲ್ಲಿ ಮನೆ ಸಿಕ್ಕಿತು, ಅದು ಬದಲಾಗಿ ಇನ್ನೊಂದು ಸಿಕ್ಕಿತು, ಬಡ್ತಿಯೂ ಸಿಕ್ಕಿತು. ಗಿಡ ಮಾತ್ರ ಇಲ್ಲೇ ಬೆಳೆದು, ಅರ್ಧ ಡ್ರಮ್ಮನ್ನು ತುಂಬಿ, ತೋಳಿನಷ್ಟು ದಪ್ಪ ಕಾಂಡ ಬಿಟ್ಟು, ಬಾಲ್ಕನಿಯ ಸೂರಿಗೆ ತಲೆ ತಾಗಿಸಿ ಬಗ್ಗಿ ನಿಂತಿತ್ತು. ಫೋನು ಮಾಡಿದಾಗಲೆಲ್ಲ ದೊಡ್ಡಕ್ಕ ಮೊದಲು ಗಿಡದ ಕ್ಷೇಮ ಕೇಳಿ, ಆಮೇಲೆ ತಂಗಿಯದನ್ನು ಕೇಳುತ್ತಿದ್ದರು. ಮಾಸ್ಟ್ರ ಕ್ಷೇಮದ ತನಕ ಸರದಿ ಬರುವ ಹೊತ್ತಿಗೆ ಸಾಮಾನ್ಯವಾಗಿ ಫೋನು ಕಟ್ಟಾಗುತ್ತಿತ್ತು.

ಗಿಡವನ್ನು ಬಿಸಾಡುವ ಮಾತೇ ಇಲ್ಲ. ಹಾಗೆ ಅಂದುಕೊಂಡರೂ ಹೆಂಡತಿ ಮುಖ ನೋಡಿ ಕಂಡುಹಿಡಿಯುತ್ತಿದ್ದಳು. ಹೀಗಿರುವಾಗ ನಿನ್ನೆ ಸಂಜೆ ಸಲೂನಿನ ನಡುವಿನ ಕುರ್ಚಿಯಲ್ಲಿ ಕೂತಿದ್ದ ಅಂಚೆ ಕಚೇರಿಯ ಗಿರಾಕಿಯೊಬ್ಬರು, ಮುಖದ ತುಂಬ ನೊರೆ ಇಟ್ಟುಕೊಂಡೇ ಒಂದು ಮಾತು ಹೇಳಿದರು.

"ಬೋನ್ಸಾಯ್ ಮಾಡೋದು ಅಂದ್ರೆ ಏನ್ ತಿಳ್ಕೊಂಡಿದೀರಿ ಮಾಸ್ಟ್ರೇ? ಮೊದ್ಲು ಮರ ದಪ್ಪ ಆಗೋಕೆ ಬಿಡ್ಬೇಕು. ಆಮೇಲೆ ಗರಗಸ ತಗೊಂಡು ಬುಡದ ಹತ್ರ ಕಚಕ್ ಅಂತ ತಲೆ ಹಾರಿಸ್ಬೇಕು. ಓರೆಯಾಗಿ. ಪಕ್ಕದಿಂದ ಹೊಸ ಚಿಗುರು ಬರುತ್ತೆ, ಅದೇ ಹೊಸ ತಲೆ."

"ಸಾಯಲ್ವಾ ಸಾರ್?"

"ಕೂದಲು ಕತ್ತರಿಸಿದ್ರೆ ನಾನು ಸಾಯ್ತೀನಾ?"

ಮಾಸ್ಟ್ರ ಕೈಯಲ್ಲಿದ್ದ ಕತ್ತಿ ಅರೆಗಳಿಗೆ ನಿಂತಿತು. ತಲೆ ಹಾರಿಸಿದರೂ ಗಿಡ ಬದುಕಿಯೇ ಇರುತ್ತದೆ, ಅದಕ್ಕೊಂದು ಘನತೆಯ ಹೆಸರೂ ಸಿಗುತ್ತದೆ, ಬಾಲ್ಕನಿಯೂ ಖಾಲಿ! ಕೇಳಿದರೆ ಕಡಿದೆ ಅನ್ನಬೇಕಿಲ್ಲ, ಕಲೆ ಅನ್ನಬಹುದು. ಆ ರಾತ್ರಿ ಅವರು ಎಷ್ಟೋ ವರ್ಷಗಳ ಮೇಲೆ ನಗುತ್ತಾ ಮಲಗಿದರು.

ಇವತ್ತು ಸಲೂನಿಗೆ ವಾರದ ರಜೆ. ಹೆಂಡತಿ ಹೊಲಿದ ರವಿಕೆಗಳ ಗಂಟು ಹೊತ್ತು ಮನೆ ಮನೆಗೆ ಕೊಡಲು ಹೋದಳು, ಮಗಳು ಕಾಲೇಜಿಗೆ ಹೋದಳು. ಬಾಗಿಲು ಮುಚ್ಚಿಕೊಂಡ ಮರುಕ್ಷಣವೇ ಮಾಸ್ಟ್ರು ಮೇಲಿನ ಮಹಡಿಯ ಬಡಗಿಯ ಬಳಿ ಗರಗಸ ಕೇಳಲು ಓಡಿದರು. ತಪ್ಪಾದದ್ದು ಅಲ್ಲೇ. ಬಡಗಿ ಗರಗಸವನ್ನು ಎಂದೂ ಒಂಟಿಯಾಗಿ ಕಳಿಸಿದವನಲ್ಲ. ಹಿಂದೆಯೇ ತಾನೂ ಬಂದ.

"ಎಲ್ಲಿ, ಏನು, ಎಷ್ಟು?" ಅಂದ, ಬಾಲ್ಕನಿಗೆ ಕಾಲಿಟ್ಟವನೇ.

"ಏನಿಲ್ಲ, ಸ್ವಲ್ಪ ಮೇಲ್ಗಡೆ..." ಎನ್ನುತ್ತಾ ಮಾಸ್ಟ್ರು ಸೊಂಟದೆತ್ತರಕ್ಕೆ ಗರಗಸವಿಟ್ಟು ನೇರವಾಗಿ ಎಳೆದರು. ಇಷ್ಟು ವರ್ಷ ಕೂದಲು ಬಿಟ್ಟು ಬೇರೇನನ್ನೂ ಕತ್ತರಿಸದ ಕೈ. ಬೆವರು ಇಳಿಯಿತು. ಕೊನೆಗೆ ಲಟಕ್ಕೆಂದು ಗಿಡದ ತಲೆ, ಸೊಪ್ಪು ಕೊಂಬೆಗಳ ಸಮೇತ ಒಳಗೆ ಹೊಲಿಗೆ ಯಂತ್ರದ ಮೇಲೆ ಒರಗಿತು. ಕಡಿದ ಜಾಗದಿಂದ ಬೆಳ್ಳಗೆ ಹಾಲು ಉಕ್ಕಿತು. ಮಾಸ್ಟ್ರು ಗಾಬರಿಬಿದ್ದು, ಅಭ್ಯಾಸಬಲದಿಂದ ಜೇಬಿನ ಪಟಿಕದ ಕಲ್ಲು ತೆಗೆದು ಗಾಯಕ್ಕೆ ಉಜ್ಜತೊಡಗಿದರು.

"ಅದೇನು ಗಡ್ಡ ಕುಯ್ದಿದ್ದಾ, ಪಟಿಕ ಹಾಕೋಕೆ?" ಎಂದ ಬಡಗಿ. "ಅದು ಬಿಡಿ. ಮಟ್ಟಸವಾಗಿ ಕುಯ್ದಿದೀರಲ್ಲ, ನೀರು ನಿಂತು ಕೊಳೆಯುತ್ತೆ. ಓರೆ ಇರ್ಬೇಕು."

ಅಂಚೆಯವರೂ ಓರೆ ಎಂದೇ ಹೇಳಿದ್ದು ಮಾಸ್ಟ್ರಿಗೆ ಈಗ ನೆನಪಾಯಿತು. ಒಂದು ಗೇಣು ಕೆಳಗೆ ಓರೆಯಾಗಿ ಕುಯ್ದರು. ಬಡಗಿ ಒಂದು ಕಣ್ಣು ಮುಚ್ಚಿ ನೋಡಿ, ಓರೆ ಬೀದಿಯ ಕಡೆ ಇದೆ, ಮಳೆ ಅದೇ ಕಡೆಯಿಂದ ಹೊಡೆಯುತ್ತದೆ, ಇನ್ನೊಂದು ಮಗ್ಗುಲಿಗೆ ತಿರುಗಬೇಕು ಎಂದ. ಇನ್ನೊಂದು ಗೇಣು ಕೆಳಗೆ ಇನ್ನೊಂದು ಮಗ್ಗುಲಿಗೆ ಕುಯ್ದರು. ಕಿವಿಯ ಪಕ್ಕದ ಕೃದಾ ಸಮ ಮಾಡುವುದು ಹೀಗೇ ಎಂದು ಮಾಸ್ಟ್ರಿಗೆ ಚೆನ್ನಾಗಿ ಗೊತ್ತು. ಬಲಕ್ಕೆ ಸರಿಯಾಗಲೆಂದು ಎಡ, ಎಡಕ್ಕೆ ಸರಿಯಾಗಲೆಂದು ಬಲ. ಕೊನೆಗೆ ಎರಡೂ ಕಡೆ ಬೋಳು. ಗೊತ್ತಿದ್ದೂ ಕೈ ನಿಲ್ಲಲಿಲ್ಲ. ನಿಂತಾಗ ಡ್ರಮ್ಮಿನಲ್ಲಿ ಉಳಿದಿದ್ದು ಎರಡು ಗೇಣಿನ ಮೋಟು, ಎಲೆಯೊಂದೂ ಇಲ್ಲ.

ಬಡಗಿ ಮೆಚ್ಚುಗೆಯಿಂದ ತಲೆದೂಗಿ ಗರಗಸ ಒರೆಸಿಕೊಂಡು ಹೋದ. ಮಾಸ್ಟ್ರು ಒಳಗಿನಿಂದ ಸ್ಟೂಲು ತಂದು ಡ್ರಮ್ಮಿನ ಪಕ್ಕ ಹಾಕಿ ಕೂತರು. ಕಾಲು ಚಾಚಿದರು. ಗಾಳಿ ಬಂತು. ಬೀದಿಯ ಆಚೆಯ ಮನೆಗಳ ಸಾಲು, ಅದರಾಚೆ ಆಕಾಶದ ಒಂದು ತುಂಡು, ಇಷ್ಟು ವರ್ಷ ಸೊಪ್ಪಿನ ಹಿಂದೆ ಅಡಗಿದ್ದದ್ದೆಲ್ಲ ಕಂಡಿತು. ಇದು ನನ್ನ ಮನೆಯಲ್ಲೇ ಇತ್ತಲ್ಲ ಎಂದುಕೊಂಡಾಗ ಅವರ ಕಣ್ಣು ಒದ್ದೆಯಾಯಿತು. ಸುಖಕ್ಕೋ, ಸಿಟ್ಟಿಗೋ, ಅವರಿಗೇ ತಿಳಿಯಲಿಲ್ಲ.

ಫೋನು ಬಡಿದುಕೊಂಡಿತು. ಹೆಂಡತಿ.

"ರೀ, ಅಕ್ಕ ಫೋನ್ ಮಾಡಿದ್ಲು. ಸಂಜೆ ಬರ್ತಾಳಂತೆ."

"ಯಾಕಂತೆ?" ಎಂದರು ಮಾಸ್ಟ್ರು.

"ಗಿಡದ ವಿಷ್ಯ ಅಂತೆ. ಬಂದು ಹೇಳ್ತೀನಿ ಅಂದ್ಲು. ಎಲೆ ಮೇಲಿನ ಧೂಳು ಸ್ವಲ್ಪ ಒರೆಸಿಡ್ರೀ, ಸುಮ್ನೆ ಕೂತಿರ್ತೀರಲ್ಲ."

ಮಾಸ್ಟ್ರು ಸುಮ್ಮನೆ ಕೂತಿರಲಿಲ್ಲ. ಆಗಲೇ ಎದ್ದು ನಿಂತಿದ್ದರು. ಒರೆಸಲು ಎಲೆಗಳೇನೋ ಬೇಕಾದಷ್ಟಿದ್ದವು, ಎಲ್ಲ ಹೊಲಿಗೆ ಯಂತ್ರದ ಮೇಲೆ. ಕಲೆಯೆಂದು ಹೇಳುವ ಧೈರ್ಯ ಬೆಳಿಗ್ಗೆ ಎಷ್ಟಿತ್ತೋ ಅಷ್ಟೂ ಈಗ ಇಳಿದುಹೋಗಿತ್ತು. ದೊಡ್ಡಕ್ಕನ ಎದುರು ಕಲೆ ಗಿಲೆ ನಡೆಯದು. ಆಕೆ ಕನ್ನಡಕದ ಮೇಲಿಂದ ನೋಡಿದರೆ ಆಕೆಯ ಕಚೇರಿಯ ಜವಾನರು ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಾರೆಂದು ಹೆಂಡತಿಯೇ ಹೆಮ್ಮೆಯಿಂದ ಹೇಳುತ್ತಿದ್ದಳು. ಇನ್ನು ತಾನು? ಈ ತಪ್ಪಿಗೆ ದೊಡ್ಡಕ್ಕ ಇನ್ನೊಂದು ಗಿಡ ತಂದು ಇದೇ ಜಾಗದಲ್ಲಿ ನೆಟ್ಟು ಹೋಗುವುದು ಖಂಡಿತ, ಬಹುಶಃ ಮುಳ್ಳಿನದು. ಬಾಲ್ಕನಿ ಉಳಿಯಬೇಕಾದರೆ ಇವತ್ತೊಂದು ಸಂಜೆ ಗಿಡ ಗಿಡದಂತೆ ನಿಲ್ಲಬೇಕು. ಆಕೆ ಹೋದ ಮೇಲೆ ಸೊರಗಿ ಸತ್ತಿತೆಂದು ಫೋನಿನಲ್ಲಿ ಅತ್ತರಾಯಿತು.

ಮತ್ತೆ ಬಡಗಿಯನ್ನು ಕರೆದರು. ಅವನು ತುಂಡುಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ಜೋಡಿಸೋಣ, ಅದೇನ್ ಮಹಾ!" ಎಂದು ಬೈರಿಗೆ ತಂದು ತೂತು ಕೊರೆದು ಕಬ್ಬಿಣದ ಸರಳು ತೂರಿಸಲು ಶುರುಮಾಡಿದ. ಬೈರಿಗೆಯ ಸದ್ದಿಗೆ ಕೆಳಗಿನ ಮನೆಯ ಕಂಪೌಂಡರು ಮೇಲೆ ಬಂದರು. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ರೋಗಿಗಳ ಅಭಾವ ಬಹಳವಾಗಿತ್ತು. ಗಿಡವನ್ನು ಕಂಡದ್ದೇ ಅವರ ಮುಖ ಅರಳಿತು.

"ಮೂಳೆ ಮುರಿದಿದೆ," ಎಂದರು ಮೋಟನ್ನು ತಟ್ಟಿ. "ಮೂರು ಕಡೆ. ಬರೀ ಸರಳು ಸಾಕಾಗಲ್ಲ. ಪಟ್ಟಿ ಕಟ್ಬೇಕು, ಅಲುಗಾಡ್ಬಾರ್ದು."

"ಮೂಳೆ ಅಲ್ರೀ, ಮರ," ಎಂದ ಬಡಗಿ.

"ನಿನ್ನ ಕೈಗೆ ಬಂದ್ರೆ ಎಲ್ಲಾ ಮರಾನೇ. ಸರಿ ಪಕ್ಕಕ್ಕೆ."

ಇಬ್ಬರ ಜಗಳದ ನಡುವೆ ಮಾಸ್ಟ್ರು ತುಂಡುಗಳನ್ನು ಎತ್ತಿ ಹಿಡಿದು ನಿಂತರು. ಸೊಂಟ ಬೆಂಕಿಯಾಗಿತ್ತು. ಸ್ವಲ್ಪ ಕೂತುಕೊಳ್ಳಲೇ ಎಂದು ಕೇಳಿದಾಗ ಇಬ್ಬರೂ ಒಂದೇ ದನಿಯಲ್ಲಿ "ಬೇಡ!" ಎಂದರು. ಆ ದಿನ ಅವರಿಬ್ಬರೂ ಒಪ್ಪಿದ್ದು ಅದೊಂದೇ ವಿಷಯ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಿಡ ಮತ್ತೆ ಎದ್ದು ನಿಂತಿತು. ನಡುವಿನ ಒಂದು ತುಂಡು ತಲೆಕೆಳಗಾಗಿ ಕೂತಿದ್ದರಿಂದ ಅದರ ಎರಡು ರೆಂಬೆಗಳು ನೆಲ ನೋಡುತ್ತಿದ್ದವು. ಕಾಂಡದ ಸುತ್ತ ಬಿಳಿ ಪಟ್ಟಿ ಬಿಗಿದಿತ್ತು, ಪಟ್ಟಿಯ ಮೇಲೆ ಕಂಪೌಂಡರು ಚಂದದ ಗಂಟು ಹಾಕಿದ್ದರು. ಸರಳುಗಳ ದೆಸೆಯಿಂದ ಬೆಳಗಿಗಿಂತ ಸ್ವಲ್ಪ ಎತ್ತರವೇ ಆಗಿತ್ತು. ಆದರೆ ಎಲೆಗಳು ಬಾಡಿ ಜೋತುಬಿದ್ದಿದ್ದವು. ಮಾಸ್ಟ್ರು ಸಲೂನಿನ ನೀರಿನ ಪಿಚಕಾರಿ ತಂದು ಎಲೆಗೆಲ್ಲ ಚಿಮುಕಿಸಿದರು, ಬಾಚಣಿಗೆಯಿಂದ ಸೊಪ್ಪನ್ನು ಮೇಲೆತ್ತಿ ಕ್ಲಿಪ್ಪು ಹಾಕಿದರು, ಪಟ್ಟಿ ಕಾಣದಂತೆ ಗಿರಾಕಿಗಳಿಗೆ ಹೊದಿಸುವ ಬಟ್ಟೆಯನ್ನು ಕಾಂಡದ ಸುತ್ತ ಸುತ್ತಿ ಹಿಂದೆ ಗಂಟು ಹಾಕಿದರು. ಎಲ್ಲ ಮುಗಿದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ಗಿಡ ಗಡ್ಡ ಬೋಳಿಸಿಕೊಳ್ಳಲು ಕಾದಿರುವ ಗಿರಾಕಿಯಂತೆ ಕಂಡಿತು.

ಹೆಂಡತಿ ಬಂದವಳು ಬಾಲ್ಕನಿಯ ಬಾಗಿಲಲ್ಲೇ ನಿಂತಳು. ಗಿಡ ನೋಡಿದಳು. ಬಡಗಿಯನ್ನು, ಕಂಪೌಂಡರನ್ನು, ಗಂಡನನ್ನು ನೋಡಿದಳು. ಆಮೇಲೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ನಾನು ಏನೂ ನೋಡಿಲ್ಲ. ನಾನು ಇನ್ನೂ ಮನೆಗೇ ಬಂದಿಲ್ಲ."

"ಸ್ವಲ್ಪ ಕೇಳೇ ಇಲ್ಲಿ..."

"ಯಾರೋ ಮಾತಾಡ್ತಿದಾರೆ. ನಂಗೆ ಕೇಳಿಸ್ತಾ ಇಲ್ಲ," ಎಂದು ಗೋಡೆ ತಡವಿಕೊಂಡು ಅಡುಗೆಮನೆಗೆ ನಡೆದಳು.

ಕೆಳಗೆ ಯಾವುದೋ ಗಾಡಿ ನಿಂತ ಸದ್ದಾಯಿತು. ಮೆಟ್ಟಿಲ ಮೇಲೆ ಚಪ್ಪಲಿಯ ಟಪಟಪ. ದೊಡ್ಡಕ್ಕ ಬಂದೇಬಿಟ್ಟರು. ಕುಳ್ಳಗೆ, ಚುರುಕಾಗಿ, ಭುಜಕ್ಕೊಂದು ಚೀಲ. ಕೂರಿ ಎಂದರೆ ಕೂರಲಿಲ್ಲ, ನೀರು ಬೇಡವೆಂದರು, ನೇರ ಬಾಲ್ಕನಿಗೆ ಹೊರಟರು. ಮಾಸ್ಟ್ರು ಓಡಿ ಹೋಗಿ ಗಿಡಕ್ಕೆ ಅಡ್ಡ ನಿಂತರು.

"ಏನಿದು, ಬಟ್ಟೆ ಹೊದಿಸಿದೀರಿ?"

"ಚಳಿ," ಎಂದರು ಮಾಸ್ಟ್ರು. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಸ್ವಲ್ಪ ಜ್ವರಾನೂ ಇತ್ತು," ಎಂದು ಕಂಪೌಂಡರು ಸೇರಿಸಿದರು.

ದೊಡ್ಡಕ್ಕ ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. ಬಡಗಿಗೆ ಮನೆಯಲ್ಲಿ ಏನೋ ಕೆಲಸವಿರುವುದು ನೆನಪಾಗಿ ಬಾಗಿಲ ಕಡೆ ಸರಿದ. ಆಕೆ ಕೈ ಚಾಚಿ ಒಂದು ಎಲೆಯನ್ನು ಮುಟ್ಟಿದರು, ಬರೀ ಮುಟ್ಟಿದರು. ಗಿಡ ಒಮ್ಮೆ ವಾಲಿತು, ಆಲೋಚಿಸಿತು, ಮತ್ತೆ ವಾಲಿತು. ಸರಳು ಕಿರ್ರೆಂದಿತು. ತಲೆ, ನಡು, ಪಟ್ಟಿ, ಕ್ಲಿಪ್ಪುಗಳು ಎಲ್ಲ ಒಟ್ಟಿಗೆ ಕಂಪೌಂಡರ ಎದೆಯ ಮೇಲೆ ಬಂದು ಬಿದ್ದವು. ಅವರು ಅದನ್ನು ಅಪ್ಪಿಕೊಂಡೇ ಹಿಂದೆ ಹಿಂದೆ ಹೋಗಿ ರವಿಕೆಗಳ ಗುಡ್ಡೆಯಲ್ಲಿ ಕೂತುಬಿಟ್ಟರು.

ಡ್ರಮ್ಮಿನಲ್ಲಿ ಮೋಟು ಮಾತ್ರ ಉಳಿಯಿತು. ದೊಡ್ಡಕ್ಕ ಬಗ್ಗಿ ಅದನ್ನೇ ನೋಡತೊಡಗಿದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಯಾರು ಕುಯ್ದಿದ್ದು ಇದನ್ನ?"

ಮಾಸ್ಟ್ರಿಗೆ ಇದ್ದಕ್ಕಿದ್ದಂತೆ ತುಂಬಾ ಸುಸ್ತಾಯಿತು. ಸುಳ್ಳು ಹೇಳಲೂ ಶಕ್ತಿ ಬೇಕಲ್ಲ.

"ನಾನೇ ದೊಡ್ಡಕ್ಕಾ," ಎಂದರು. "ಅಂಗಡೀಲಿ ನಿಂತಿರ್ತೀನಿ, ಮನೇಲೂ ನಿಂತಿರ್ತೀನಿ. ಸಂಜೆ ಒಂದು ಗಳಿಗೆ ಇಲ್ಲಿ ಗಾಳಿಗೆ ಕೂತ್ಕೋಬೇಕು ಅನ್ನಿಸ್ತು. ಅಷ್ಟೇನೇ. ನಿಮ್ ಗಿಡದ ಮೇಲೆ ನಂಗೆ ದ್ವೇಷ ಇಲ್ಲ. ಜಾಗ ಬೇಕಿತ್ತು."

ಇಷ್ಟು ಉದ್ದದ ಮಾತನ್ನು ಅವರು ದೊಡ್ಡಕ್ಕನ ಎದುರು ಹಿಂದೆಂದೂ ಆಡಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಕಣ್ಣು ಬಿಟ್ಟು ನಿಂತಿದ್ದಳು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅಯ್ಯೋ ಎನ್ನುವಂತಹದ್ದೇನೋ ಇತ್ತು.

ದೊಡ್ಡಕ್ಕ ಮಾತ್ರ ಮೋಟಿನಿಂದ ತಲೆಯೆತ್ತಿರಲಿಲ್ಲ. ಓರೆಯ ಮೇಲೆ ಹೆಬ್ಬೆರಳಾಡಿಸಿದರು, ಚೀಲದಿಂದ ಭೂತಗನ್ನಡಿ ತೆಗೆದು ನೋಡಿದರು. ಎದ್ದು ನಿಂತಾಗ ಅವರ ಮುಖ ಸಂತೋಷದಿಂದ ಕೆಂಪಾಗಿತ್ತು.

"ಎಂಥಾ ಕೈ ನಿಮ್ದು! ನಾನು ವರ್ಷದಿಂದ ಬೋನ್ಸಾಯ್ ಕ್ಲಾಸಿಗೆ ಹೋಗ್ತಿದೀನಿ, ಹತ್ತು ಗಿಡ ಹಾಳು ಮಾಡಿದೀನಿ, ಒಂದಕ್ಕೂ ಇಂಥಾ ಓರೆ ಬಂದಿಲ್ಲ. ನೋಡಿ ಇಲ್ಲಿ, ಸರಿಯಾಗಿ ಮೊಗ್ಗಿನ ಮೇಲೇ ನಿಲ್ಲಿಸಿದೀರಿ! ನಾನೂ ಇಲ್ಲೇ ಕುಯ್ಯೋಣ ಅಂತಿದ್ದೆ. ಸರಳಿನ ತೂತಿಗೆ ಒಂಚೂರು ಮೇಣ ತುಂಬಿದ್ರಾಯ್ತು."

ಮೋಟಿನ ಪಕ್ಕದಲ್ಲಿ ಸಾಸಿವೆಯಷ್ಟು ಹಸಿರು ಚುಕ್ಕಿಯೊಂದಿತ್ತು. ಮಾಸ್ಟ್ರು ಅದನ್ನು ಈಗಲೇ ನೋಡಿದ್ದು. ಬಾಗಿಲಾಚೆ ಹೋಗಿದ್ದ ಬಡಗಿ ತಲೆ ಒಳಗೆ ಹಾಕಿ, "ಗರಗಸ ನನ್ದು," ಎಂದ. ಎಲ್ಲರೂ ನಕ್ಕರು. ಮಾಸ್ಟ್ರೂ ನಕ್ಕರು. ಎದೆಯ ಮೇಲಿನ ಭಾರ ಇಳಿದಂತಾಗಿ, ಇನ್ನು ಸಂಜೆ ಸಂಜೆ ಇಲ್ಲಿ ಕೂರಬಹುದು ಎಂದು ಮನಸ್ಸು ಆಗಲೇ ಕಾಲು ಚಾಚಿತ್ತು.

"ಒಂದೇ ಬೇಜಾರು," ಎಂದರು ದೊಡ್ಡಕ್ಕ. "ಕೆಳಗೆ ಟೆಂಪೋ ತಂದಿದೀನಿ. ಗಿಡ ತಗೊಂಡು ಹೋಗೋಣ ಅಂತ್ಲೇ ಬಂದಿದ್ದು. ಅಲ್ಲಿ ಅಂಗಳ ಇರೋ ಮನೆ ಸಿಕ್ತು. ಪಾಪ, ಎಷ್ಟು ವರ್ಷ ಇಟ್ಕೊಂಡ್ರಿ, ನಿಮ್ ಬಾಲ್ಕನಿ ನಿಮ್ಗೆ ಬಿಟ್ಕೊಡೋಣ ಅಂತ."

"ತಗೊಂಡು ಹೋಗಿ!" ಎಂದು ಮಾಸ್ಟ್ರು ಡ್ರಮ್ಮಿಗೆ ಕೈ ಹಾಕಿದರು. "ನಾನೇ ಹೊತ್ಕೊಂಡು ಇಳಿಸ್ತೀನಿ."

"ಅಯ್ಯಯ್ಯೋ, ಮುಟ್ಬೇಡಿ! ನಿನ್ನೆ ಆಗಿದ್ರೆ ತಗೊಂಡು ಹೋಗ್ತಿದ್ದೆ. ಇನ್ನೂ ಹಾಲು ಆರಿಲ್ಲ, ಇವತ್ತೇ ಕುಯ್ದಿರೋ ಗಿಡ, ಟೆಂಪೋ ಕುಲುಕಾಟಕ್ಕೆ ಬೇರು ಸಡಿಲ ಆದ್ರೆ ಮುಗೀತು. ಮೊಗ್ಗು ಚಿಗುರಬೇಕು, ಚಿಗುರು ದಪ್ಪ ಆಗ್ಬೇಕು, ಗಾಯ ಮುಚ್ಕೋಬೇಕು. ಮೂರೋ ನಾಲ್ಕೋ ವರ್ಷ ಅಂತಿಟ್ಕೊಳಿ. ಅಲ್ಲಿವರೆಗೂ ಒಂದಿಂಚು ಅಲುಗಾಡಿಸೋ ಹಾಗಿಲ್ಲ. ಇದೇ ಬಿಸಿಲು, ಇದೇ ಗಾಳಿ."

ಮಾಸ್ಟ್ರು ಡ್ರಮ್ಮಿನಿಂದ ಕೈ ತೆಗೆದರು. ದೊಡ್ಡಕ್ಕ ಕಂಪೌಂಡರ ಮಡಿಲಿನಿಂದ ಸೊಪ್ಪಿನ ತಲೆಯನ್ನು ಎತ್ತಿಕೊಂಡು ಪ್ರೀತಿಯಿಂದ ಸವರಿದರು.

"ಇದನ್ನೂ ಬಿಸಾಡ್ಬೇಡಿ. ಬಕೆಟ್ ನೀರಲ್ಲಿ ನಿಲ್ಸಿದ್ರೆ ಬೇರು ಬಿಡುತ್ತೆ. ಇಲ್ಲೇ ಪಕ್ಕದಲ್ಲಿ ಇಡಿ, ಜೋಡಿ ಆಗುತ್ತೆ," ಎಂದು ಸ್ಟೂಲನ್ನು ಕಾಲಿನಿಂದ ಒಳಗೆ ತಳ್ಳಿ ಜಾಗ ಮಾಡಿದರು. "ನಡುವಿನ ತುಂಡುಗಳೂ ಚಿಗುರಬಹುದು. ನೋಡೋಣ. ಅಂಥಾ ಕೈ ನಿಮ್ದು."

ಬಕೆಟ್ಟು ಬಂತು. ಅದನ್ನು ಇಟ್ಟ ಮೇಲೆ ಬಾಲ್ಕನಿಯ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಟೆಂಪೋದವನಿಗೆ ಸರಕಿಲ್ಲವೆಂದು ಹೇಳಿಬರಲು ಮಾಸ್ಟ್ರನ್ನೇ ಕಳಿಸಿದರು. ಅವರು ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದು ಬೀದಿಗೆ ಬಂದರು.

ಟೆಂಪೋದವನು ಹಿಂದಿನ ಹಲಗೆ ಇಳಿಸಿ ಕಾಯುತ್ತಿದ್ದ. ವಿಷಯ ಕೇಳಿ, "ಹಾಗಾದ್ರೆ ಖಾಲಿ ಹೋಗ್ಬೇಕಾ?" ಎಂದು ಗೊಣಗಿದ. ಮಾಸ್ಟ್ರು ಒಳಗೆ ನೋಡಿದರು. ಗಿಡ ತಾಗದಿರಲೆಂದು ದೊಡ್ಡಕ್ಕ ಗೋಣಿ ಹಾಸಿಸಿದ್ದರು. ವಿಶಾಲವಾಗಿತ್ತು. ಮೂರು ಕಡೆಯಿಂದಲೂ ಗಾಳಿ ಬರುತ್ತಿತ್ತು.

"ಅವ್ರು ಚಾ ಕುಡಿದು ಬರೋವರೆಗೂ ನಾನಿಲ್ಲಿ ಕೂತ್ಕೋಬಹುದಾ?"

"ಕೂತ್ಕೊಳಿ, ಅದಕ್ಕೇನು."

ಮಾಸ್ಟ್ರು ಹತ್ತಿ ಕೂತರು. ಬೆನ್ನು ಒರಗಿಸಿದರು, ಕಾಲು ಚಾಚಿದರು, ಕಣ್ಣು ಮುಚ್ಚಿದರು. ಅಮ್ಮಾ ಎಂಬ ಸಣ್ಣ ಸದ್ದೊಂದು ಅವರಿಗೆ ತಿಳಿಯದಂತೆ ಬಾಯಿಂದ ಹೊರಬಂತು.

ಟೆಂಪೋದವನು ಅವರ ಮುಖವನ್ನೇ ನೋಡುತ್ತಿದ್ದವನು ಹತ್ತಿರ ಬಂದ.

"ನೀವು ಬಸ್ ನಿಲ್ದಾಣದ ಹಿಂದಿನ ಸಲೂನ್ ಮಾಸ್ಟ್ರಲ್ವಾ? ಅಂದ್ಕೊಂಡೆ. ಹೇಗೂ ಇಬ್ರೂ ಖಾಲಿ ಇದೀವಿ," ಎನ್ನುತ್ತಾ ಅವನೂ ಮೇಲೆ ಹತ್ತಿ, ಗೋಣಿಯ ಮೇಲೆ ಪಕ್ಕದಲ್ಲೇ ಕೂತು, ಗಲ್ಲ ಮೇಲೆತ್ತಿದ. "ಮೀಸೆ ಒಂಚೂರು ಸಮ ಮಾಡಿ ಸಾರ್, ಎರಡೇ ನಿಮಿಷ."

ಮಾಸ್ಟ್ರು ಕಣ್ಣು ಬಿಟ್ಟರು. ಜೇಬಿನಲ್ಲಿ ಕತ್ತರಿ ಇತ್ತು. ಎದ್ದು ನಿಂತರು.